ಕಪ್ಪು ಏಲಿನ ರುಚಿ ವರದಿ

ಮೂರು ವರ್ಷದ ಹಿಂದೆ ಆಫೀಸಿನ ಊಟವೊಂದರಲ್ಲಿ ಬಸವಕಿರಣ ಒಂದು ಲೋಟ ಕೋಲಾ ಕುಡಿದು ತಲೆಯಾಡಿಸಿದ್ದೇ ಎಲ್ಲದಕ್ಕೂ ಮೂಲ.

ಲೋಟ ಬಿಯರಿನದು, ಒಳಗಿದ್ದದ್ದು ಕೋಲಾ. ಪಕ್ಕದಲ್ಲಿ ಕೂತಿದ್ದ ಮೇಲಧಿಕಾರಿ ಬ್ಯಾಕ್‌ಸ್ಟರ್ "ಹೇಗಿದೆ?" ಎಂದು ಕೇಳಿದರು. ನಾನು ಕುಡಿಯುವುದಿಲ್ಲ, ಇದು ಕೋಲಾ ಎಂದು ಹೇಳಲು ಧೈರ್ಯ ಬೇಕಿತ್ತು. ತಲೆಯಾಡಿಸಲು ಕುತ್ತಿಗೆಯೊಂದು ಸಾಕಿತ್ತು. ಅವನು ತಲೆಯಾಡಿಸಿದ. ಸಾಲದೆಂದು ಕಣ್ಣು ಮುಚ್ಚಿ "ಆಹಾ" ಎಂದೂ ಸೇರಿಸಿದ. ಅಂದಿನಿಂದ ಪರದೇಶದಲ್ಲಿ, ಸೆಲೆಟಾರ್ ಎಂಬಲ್ಲಿದ್ದ ಆ ವಿಮಾನ ದುರಸ್ತಿ ಕಂಪನಿಯಲ್ಲಿ "ಬಿಯರ್ ಅಂದ್ರೆ ಕಿರಣ್" ಎಂಬ ಮಾತು ಹುಟ್ಟಿ, ಪ್ರತಿ ಊಟದಲ್ಲೂ ಒಂದಿಂಚು ಬೆಳೆಯಿತು.

ಬಸವಕಿರಣ ಅಲ್ಲಿ ಇನ್‌ಸ್ಪೆಕ್ಟರ್. ಮೆಕ್ಯಾನಿಕ್ಕುಗಳು ಬಿಗಿದ ಬೋಲ್ಟನ್ನು ಕಣ್ಣಾರೆ ನೋಡಿ, ಬೆರಳಿಟ್ಟು ಮುಟ್ಟಿ, ಆಮೇಲೆ ಸಹಿ ಹಾಕಿ ತನ್ನ ನಂಬರಿನ ರಬ್ಬರ್ ಸ್ಟಾಂಪ್ ಒತ್ತುವ ಕೆಲಸ. ಸ್ಟಾಂಪ್ ಹೋದರೆ ಇನ್‌ಸ್ಪೆಕ್ಟರ್ ಎಂದರೆ ಟಾರ್ಚ್ ಹಿಡಿದು ವಿಮಾನಕ್ಕೆ ಪ್ರದಕ್ಷಿಣೆ ಹಾಕುವ ಭಕ್ತ, ಅಷ್ಟೇ. ಕೋಲಾ ವಿಷಯದಲ್ಲಿ ಏನೇ ಮಾಡಿರಲಿ, ಹನ್ನೊಂದು ವರ್ಷದಲ್ಲಿ ತಾನು ನೋಡದ ಒಂದು ಸ್ಕ್ರೂಗೂ ಅವನು ಸಹಿ ಹಾಕಿದವನಲ್ಲ.

ಈ ಶನಿವಾರ ಮಧ್ಯಾಹ್ನ ಶಿಫ್ಟ್ ಮುಗಿಸಿ ಗೇಟು ದಾಟುವಾಗ ಬ್ಯಾಕ್‌ಸ್ಟರ್ ಹಿಂದಿನಿಂದ ಕರೆದು ಅವನ ಕೈಗೆ ಒಂದು ದಪ್ಪ ಕರಿ ಬಿಯರ್ ಬಾಟಲಿ ಇಟ್ಟರು.

"ನಮ್ಮಣ್ಣ ಊರಲ್ಲಿ ಮಾಡಿದ ಏಲ್, ಕಿರಣ್. ಒಂದು ವರ್ಷ ಓಕ್ ಮರದ ಪೀಪಾಯಲ್ಲಿ ಮಲಗಿ ಎದ್ದಿದೆ. ಇವತ್ತು ರುಚಿ ನೋಡಿ ನಿನ್ನ ಅಭಿಪ್ರಾಯ ಬರೆದು ಕೊಡು. ಬೇರೆಯವರ ಮಾತು ಬೇಡ, ನೀನೇ ಕಂಡದ್ದು ಬೇಕು. ಸಂಜೆ ಆರಕ್ಕೆ ಪುಂಗೋಲ್ ಕಡೆ ಸೈಕಲ್ ತುಳೀತಾ ಬರ್ತೀನಿ, ನಿಮ್ಮ ಬ್ಲಾಕ್ ಕೆಳಗೇ ಸಿಗು. ಹಾಂ, ನಿನ್ನ ಸ್ಟಾಂಪ್ ರಿನ್ಯೂವಲ್ ಪೇಪರೂ ನನ್ನ ಮೇಜಿನ ಮೇಲಿದೆ. ತರ್ತೀನಿ. ನಿನ್ನ ಸಹಿ ಎಂಥದು ಅನ್ನೋದು ಆ ವರದಿ ನೋಡಿದ್ರೆ ಗೊತ್ತಾಗುತ್ತೆ."

ಬಸವಕಿರಣ ತಲೆಯಾಡಿಸಿದ. ಈ ಸಲ ಕುತ್ತಿಗೆ ಸ್ವಲ್ಪ ಕಿರ್ರೆಂದಿತು.

ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ ಹಸುಗೂಸಿನಂತೆ ಮಲಗಿಸಿಕೊಂಡು ಕೂತ. ಗದಗಿನಲ್ಲಿ ಅವನ ಮನೆತನದಲ್ಲಿ ಅಜ್ಜನ ಕಾಲದಿಂದ ಯಾರೂ ಇಂಥದ್ದನ್ನು ಮುಟ್ಟಿದ್ದಿಲ್ಲ. ಕುಡಿಯುವಂತಿಲ್ಲ. ಕುಡಿಯದೆ ಬರೆದರೆ ನೋಡದೆ ಸಹಿ ಹಾಕಿದ ಹಾಗೆ. ಬರೆಯದಿದ್ದರೆ ಮೂರು ವರ್ಷದ ಕೋಲಾ ಹೊರಗೆ ಬಂದು, ಲೋಟದಲ್ಲಿ ಸುಳ್ಳು ಹೇಳಿದವನು ರೆಕ್ಕೆಯ ಬೋಲ್ಟಿನಲ್ಲಿ ನಿಜ ಹೇಳಿಯಾನೇ ಎಂಬ ಪ್ರಶ್ನೆ ಏಳುತ್ತದೆ. ಹೇಗೆ ತಿರುಗಿಸಿದರೂ ಸ್ಟಾಂಪ್ ಕೈಜಾರುತ್ತಿತ್ತು.

ಲಿಫ್ಟಿನಲ್ಲಿ ಹತ್ತನೇ ಮಹಡಿಯ ಮೇಡಂ ಲಿಮ್ ಸಿಕ್ಕರು. ಅವರ ಕಣ್ಣು ನೇರ ಬಾಟಲಿಗೆ ಹೋಯಿತು.

"ವಾಹ್, ಬ್ಲ್ಯಾಕ್ ಬಿಯರ್ ಆ? ಫಾರ್ ವೈಫ್ ಆ? ಬೇಬಿ ಕಮಿಂಗ್?"

ಅವರ ಕಡೆಯ ಅಜ್ಜಿಯರಲ್ಲಿ ಬಾಣಂತಿಗೆ ಕರಿ ಬಿಯರ್ ಕೊಟ್ಟರೆ ರಕ್ತವಾಗುತ್ತದೆ ಎಂಬ ನಂಬಿಕೆಯುಂಟು. ಬಸವಕಿರಣನಿಗೆ ಅದು ತಿಳಿದಿರಲಿಲ್ಲ. ಬಾಟಲಿ ಯಾಕೆ ಎಂದು ವಿವರಿಸುವುದಕ್ಕಿಂತ ಸುಲಭವಾದದ್ದನ್ನೇ ಅವನು ಮಾಡಿದ. ತಲೆಯಾಡಿಸಿದ.

"ಸೋ ಅರ್ಲಿ ಪ್ರಿಪೇರ್! ಗುಡ್ ಹಸ್ಬೆಂಡ್ ಲಾ!" ಎಂದು ಬೆನ್ನು ತಟ್ಟಿ ಮೇಡಂ ಲಿಮ್ ಇಳಿದುಹೋದರು.

ಮನೆಯಲ್ಲಿ ಹೆಂಡತಿ ಸುಮಂಗಲಾ ಬಾಟಲಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಏನ್ರೀ ಇದು? ಮನ್ಯಾಗ ಇದನ್ಯಾಕ ತಂದ್ರಿ?"

"ಸಾಹೇಬ್ರು ಕೊಟ್ಟಾರ. ರುಚಿ ಹೆಂಗೈತಿ ಅಂತ ಬರದು ಕೊಡಬೇಕಂತ."

"ಕುಡಿಯಂಗಿಲ್ಲ ಅಂತ ಹೇಳೂದಲ್ಲ?"

"ಮೂರು ವರ್ಷದ ಹಿಂದ ಹೇಳಿದ್ರ ನಡೀತಿತ್ತು."

"ನೋಡ್ರಿ, ಒಂದು ಹನಿ ನಿಮ್ಮ ನಾಲಿಗಿ ಮ್ಯಾಲ ಬಿತ್ತೋ, ಊರಿಗೆ ಫೋನ್ ಮಾಡಿ ನಿಮ್ಮವ್ವಗ ನಾನ ಹೇಳ್ತೀನಿ," ಎಂದು ಸುಮಂಗಲಾ ಪೀಠಿಕೆಯಿಲ್ಲದೆ ತೀರ್ಪು ಕೊಟ್ಟಳು.

ಬಸವಕಿರಣ ಮೊಬೈಲ್ ತೆಗೆದು ಇಂಥ ಏಲಿನ ಬಗ್ಗೆ ಬಲ್ಲವರು ಏನು ಬರೆದಿದ್ದಾರೆಂದು ನೋಡಿದ. ಒಬ್ಬನಿಗೆ ಹಳೆಯ ಚರ್ಮದ ಚೀಲದ ವಾಸನೆ ಬಂದಿತ್ತು. ಇನ್ನೊಬ್ಬನಿಗೆ ಹೊಗೆಸೊಪ್ಪು. ಮತ್ತೊಬ್ಬ ಮಹಾಶಯ "ಒದ್ದೆ ಕುದುರೆಯ ಕಂಬಳಿ" ಎಂದು ಬರೆದು ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದ.

"ಈ ಮನಷ್ಯಾ ಕುದುರಿ ಕಂಬಳಿ ನೆಕ್ಕಿದ್ದು ಯಾವಾಗ?" ಎಂದು ಸುಮಂಗಲಾ ಹೆಗಲ ಮೇಲಿಂದ ಇಣುಕಿ ಕೇಳಿದಳು.

ನಕಲು ಮಾಡಲು ಮನಸ್ಸು ಬರಲಿಲ್ಲ. ಬೇರೆಯವರು ಮುಟ್ಟಿದ ಬೋಲ್ಟಿಗೆ ತಾನು ಸಹಿ ಹಾಕಿದಂತೆ ಬೆರಳು ಜುಂ ಎಂದಿತು. ಆಗ ನೆನಪಾದವನು ತನ್ನದೇ ಮಹಡಿಯ ದ್ವಾರಕನಾಥ್. ಬೆಂಗಳೂರಿನವನು, ಸಾಫ್ಟ್‌ವೇರಿನವನು, ಮನೆಯಲ್ಲಿ ಹದಿನಾಲ್ಕು ಬಗೆಯ ಬಾಟಲಿ ಇಟ್ಟಿದ್ದೇನೆಂದು ಸಿಕ್ಕಸಿಕ್ಕಲ್ಲಿ ಹೇಳಿಕೊಳ್ಳುವವನು. ಫೋನ್ ಮಾಡಿದರೆ ಪಿಸುದನಿಯಲ್ಲಿ ಉತ್ತರ ಬಂತು.

"ಮನೆಗ್ ಬರ್ಬೇಡ ಗುರೂ. ಅಮ್ಮ ಮೈಸೂರಿಂದ ಬಂದಿದಾರೆ. ಅವ್ರು ಇರೋ ತನಕ ನಾನು ಸಂತ. ಬಾಟ್ಲೆಲ್ಲಾ ಸೂಟ್‌ಕೇಸ್‌ನಲ್ಲಿ ಲಾಕ್ ಆಗಿದೆ. ವಾಯ್ಡ್ ಡೆಕ್‌ಗೆ ಬಾ, ಕಂಬದ ಹಿಂದೆ."

ಬ್ಲಾಕಿನ ಬುಡದ ಖಾಲಿ ಅಂಗಳದಲ್ಲಿ, ಕಂಬದ ಹಿಂದೆ, ದ್ವಾರಕನಾಥ್ ಬೀಗದ ಕೈಯಿಂದ ಮುಚ್ಚಳ ಮೀಟಿದ. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ ಕುಲುಕಾಡಿ ಬಂದಿದ್ದ ಏಲು ಒಂದು ವರ್ಷದ ಮೌನವನ್ನು ಒಂದೇ ಉಸಿರಿಗೆ ಮುರಿಯಿತು. ಕಂದು ನೊರೆ ಬಸವಕಿರಣನ ಅಂಗಿಯ ಕಾಲರಿನಿಂದ ಬೆಲ್ಟಿನವರೆಗೆ ಇಳಿಯಿತು. ದ್ವಾರಕನಾಥ್ ಮೇಲೊಮ್ಮೆ ನೋಡಿ ಗಬಕ್ಕನೆ ಒಂದು ಗುಟುಕು ಏರಿಸಿದ.

"ಹೇಗಿದೆ?" ಬಸವಕಿರಣ ಪೆನ್ನು ಹಿಡಿದು ನಿಂತಿದ್ದ.

"ಸೂಪರ್. ಸ್ಟ್ರಾಂಗ್ ಇದೆ. ಸೂಪರ್."

"ಅಷ್ಟೇನಾ? ಮರದ ರುಚಿ ಏನಾದ್ರೂ ಬಂತಾ?"

"ಮರಾನಾ? ಮರ ಯಾರ್ ತಿಂತಾರೆ ಗುರೂ?"

"ಹಣ್ಣು? ಕಾಫಿ? ಕುದುರೆ?"

ದ್ವಾರಕನಾಥ್ ಅವನ ಮುಖವನ್ನೇ ನೋಡಿದ. "ನಿಜ ಹೇಳ್ಲಾ? ನಾನು ಯಾವತ್ತೂ ರುಚಿ ನೋಡಿಲ್ಲ. ಮೂಗು ಮುಚ್ಕೊಂಡು ಇಳಿಸ್ಬಿಡ್ತೀನಿ, ಅಷ್ಟೇ. ಇದನ್ನ ಗ್ರೂಪಲ್ಲಿ ಹಾಕ್ಬೇಡ ಪ್ಲೀಸ್."

ಗ್ರೂಪಿನಲ್ಲಿ ಅಷ್ಟು ಹೊತ್ತಿಗೆ ಬೇರೆಯದೇ ಬಂದಿತ್ತು. ಮೇಡಂ ಲಿಮ್ ಲಿಫ್ಟಿನ ಬಾಗಿಲಲ್ಲಿ ದ್ವಾರಕನಾಥನ ಹೆಂಡತಿ ಶೋಭಾಗೆ ಸುದ್ದಿ ಮುಟ್ಟಿಸಿದ್ದರು, ಶೋಭಾ ಪುಂಗೋಲಿನ ಕನ್ನಡಿಗರ ಗ್ರೂಪಿಗೆ. ಬಸವಕಿರಣ ಅರ್ಧ ಖಾಲಿಯಾದ ಬಾಟಲಿ ಹಿಡಿದು ಮೇಲೆ ಬರುವಷ್ಟರಲ್ಲಿ ನಲವತ್ತೆರಡು ಜನ ಅಭಿನಂದನೆ ಹೇಳಿ, ಇಬ್ಬರು ಡಾಕ್ಟರ ನಂಬರ್ ಕಳಿಸಿ, ಒಬ್ಬರು ಹೆಣ್ಣು ಮಗುವಿನ ಹೆಸರಿನ ಪಟ್ಟಿ ಹಾಕಿದ್ದರು. ಸುಮಂಗಲಾ ಬಾಗಿಲಲ್ಲೇ ಮೊಬೈಲನ್ನು ಅವನ ಮುಖಕ್ಕೆ ಹಿಡಿದಳು.

"ನಾನು ಬಸುರಂತ. ನನಗ ಹೇಳೂದು ಮರತ್ರೇನು?"

ಉತ್ತರ ಕೊಡುವ ಮೊದಲೇ ಶೋಭಾ ಬಂದುಬಿಟ್ಟಳು. ಕೈಯಲ್ಲಿ ಸ್ಟೀಲ್ ಡಬ್ಬಿ, ಹಿಂದೆ ಅತ್ತೆ ಸರೋಜಮ್ಮ. ಎಪ್ಪತ್ತೆರಡರ ವಯಸ್ಸು, ಹಣೆಯಲ್ಲಿ ಕಾಸಗಲ ಕುಂಕುಮ, ಕಾಲಲ್ಲಿ ಮೊಮ್ಮಗಳ ಗುಲಾಬಿ ಬಣ್ಣದ ಚಪ್ಪಲಿ. ಬಸವಕಿರಣ ಬಾಟಲಿಯೊಂದಿಗೆ ಅಡುಗೆಮನೆಗೆ ಓಡಿದ. ಹಾಲ್‌ನಲ್ಲಿ "ಎಷ್ಟು ತಿಂಗಳು?", "ಒಂದೂ ಇಲ್ರಿ!", "ಅಯ್ಯೋ, ನಾಚ್ಕೊಬೇಡಿ" ಎಂಬ ವಾಗ್ವಾದ ಏರತೊಡಗಿತು. ಅದರ ನಡುವೆ ಸರೋಜಮ್ಮ ಮೂಗನ್ನು ಮುಂದೆ ಮಾಡಿಕೊಂಡು, ವಾಸನೆ ಹಿಡಿದ ಬೆಕ್ಕಿನಂತೆ ಅಡುಗೆಮನೆಗೆ ಬಂದರು.

"ಯಾರಪ್ಪಾ ಇಲ್ಲಿ ಅರಿಷ್ಟ ತೆಗೆದಿರೋದು?"

"ಅರಿಷ್ಟ ಅಲ್ಲಮ್ಮ. ಇದು... ಬಿಯರ್."

"ಗೊತ್ತು ಕಣೋ, ನನಗೂ ಮೂಗಿದೆ. ಆದ್ರೆ ಮರದ ಪೀಪಾಯಲ್ಲಿ ಕೂತೆದ್ದ ಮೇಲೆ ಅದೂ ಇದೂ ಅಕ್ಕತಂಗೀರೇ. ನಮ್ಮಪ್ಪ ಮೈಸೂರಲ್ಲಿ ಪಂಡಿತರು. ಹಿತ್ತಲಲ್ಲಿ ನಾಲ್ಕು ಪೀಪಾಯಿ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ ಎಲ್ಲಾ ಮನೇಲೇ ಕಟ್ತಿದ್ರು. ಅವರಿಗೆ ನಶ್ಯ ಹಾಕಿ ಹಾಕಿ ಮೂಗು ಸತ್ತುಹೋಗಿತ್ತು. ಯಾವ ಪೀಪಾಯಿ ಮಾಗಿದೆ ಅಂತ ನೋಡಿ ಹೇಳ್ತಿದ್ದೋಳು ನಾನು, ಹತ್ತು ವರ್ಷದೋಳಿದ್ದಾಗಿಂದ. ಒಂದು ಚಮಚ ಕೊಡು."

ಬಸವಕಿರಣನಿಗೆ ಎದುರಿಗೆ ನಿಂತಿರುವುದು ಗುಲಾಬಿ ಚಪ್ಪಲಿಯ ಮುದುಕಿಯೋ, ಮೊರೆ ಕೇಳಿ ಇಳಿದುಬಂದ ದೇವತೆಯೋ ತಿಳಿಯಲಿಲ್ಲ. ಚಮಚ ಕೊಟ್ಟ.

ಸರೋಜಮ್ಮ ಹಾಲ್ ಕಡೆ ಬೆನ್ನು ಮಾಡಿ ನಿಂತರು. ಚಮಚವನ್ನು ಬಾಯಿಗಿಟ್ಟು, ಕಣ್ಣು ಮುಚ್ಚದೆ, ಪರೀಕ್ಷೆಯ ಉತ್ತರ ಪತ್ರಿಕೆ ಓದುವ ಮೇಷ್ಟರಂತೆ ಎದುರಿನ ಟೈಲ್ಸನ್ನು ನೋಡಿದರು.

"ಬರ್ಕೋ. ಮೊದಲು ಬೆಲ್ಲ. ಒಲೆ ಮೇಲೆ ಬಿಟ್ಟ ಪಾಕ, ತಳ ಹತ್ತೋಕೆ ಒಂದು ನಿಮಿಷ ಮುಂಚೆ ಇಳಿಸಿದ್ದಾರೆ. ಒಳ್ಳೆ ಕೈ." ಎರಡನೇ ಚಮಚ. "ಒಣದ್ರಾಕ್ಷಿ. ಅಂಗಡಿದಲ್ಲ, ಡಬ್ಬಿ ಮೂಲೇಲಿ ಮರೆತುಹೋಗಿ ಆಮೇಲೆ ಸಿಗುತ್ತಲ್ಲ, ಅಂಥದ್ದು. ಈಗ ಬಂತು ನೋಡು ಮರ. ಹೊಸ ಬಾಗಿಲಿಗೆ ಬಡಗಿ ಉಜ್ಜಿ ಹಾಕಿದ ಹೊಟ್ಟು. ನಾಲಿಗೆಯ ಎರಡೂ ಪಕ್ಕ ಹಿಡ್ಕೊಳ್ತು. ನೇರಳೆಹಣ್ಣಿನ ಒಗರು. ಹೋಗೋವಾಗ ಕಾಫಿ ಚರಟ."

ಬಸವಕಿರಣ ಬರೆಯುತ್ತಲೇ ಇದ್ದ. ಮೂರನೇ ಚಮಚಕ್ಕೆ ಅವರ ಹುಬ್ಬು ಗಂಟಾಯಿತು.

"ಇಲ್ಲೊಂದು ಹುಳಿ ಇದೆ. ಇರಬಾರದ ಜಾಗದಲ್ಲಿದೆ. ಪೀಪಾಯಿ ಬಿರಡೆ ಸಡಿಲ, ಗಾಳಿ ಆಡಿದೆ. ನಮ್ಮಪ್ಪನ ಮೂರನೇ ಪೀಪಾಯಿ ಹೀಗೇ ಮೋಸ ಮಾಡ್ತಿತ್ತು. ಇನ್ನೆರಡು ತಿಂಗಳು ಬಿಟ್ಟಿದ್ರೆ ಉಪ್ಪಿನಕಾಯಿಗೆ ಹಾಕ್ಬೇಕಾಗಿತ್ತು."

"ಅಮ್ಮಾ, ನೀವು ನನ್ನ ಕೆಲಸ ಉಳಿಸಿದ್ರಿ!"

"ಉಳಿಸಿರ್ತೀನಿ, ಬಿಡು. ದ್ವಾರಕಿಗೆ ಮಾತ್ರ ಹೇಳ್ಬೇಡ. ಬಂದಾಗಿಂದ ಅವನಿಗೆ ಕುಡಿಯೋದರ ಬಗ್ಗೆ ಉಪದೇಶ ಮಾಡ್ತಾ ಇದೀನಿ, ಈಗಷ್ಟೇ ದಾರಿಗೆ ಬರ್ತಾ ಇದಾನೆ," ಎಂದು ಚಮಚ ತೊಳೆದಿಟ್ಟು, ಬಾಯಿಗೊಂದು ಏಲಕ್ಕಿ ಹಾಕಿಕೊಂಡು ಸರೋಜಮ್ಮ ಹೊರಟುಹೋದರು.

ಬಸವಕಿರಣ ವರದಿಯನ್ನು ತನಗೆ ಗೊತ್ತಿದ್ದ ಒಂದೇ ಮಾದರಿಯಲ್ಲಿ ಬರೆದ. ಬಣ್ಣ: ಬಳಸಿದ ಎಂಜಿನ್ ಆಯಿಲ್‌ನಷ್ಟು ಕಪ್ಪು, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ನೊರೆ: ಮಿತಿ ಮೀರಿದೆ, ಅಂಗಿ ನೋಡಿ. ಬೆಲ್ಲ, ದ್ರಾಕ್ಷಿ, ಮರ, ಒಗರು, ಚರಟ: ಎಲ್ಲ ಸ್ವಸ್ಥಾನದಲ್ಲಿವೆ. ದೋಷ: ಒಂದು. ಬಿರಡೆಯಲ್ಲಿ ಗಾಳಿ ಸೋರಿಕೆ, ಬಿಗಿದು ಮರುಪರೀಕ್ಷೆ ಮಾಡತಕ್ಕದ್ದು.

ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. "ಖುದ್ದಾಗಿ ಪರೀಕ್ಷಿಸಿದವರು:" ಎಂದು ಬರೆದಿದ್ದ. ಅಲ್ಲಿ ಸರೋಜಮ್ಮನ ಹೆಸರು ಹಾಕಿದರೆ ಅವರಿಗೆ ದ್ರೋಹ. ತನ್ನ ಹೆಸರು ಹಾಕಿದರೆ ಹನ್ನೊಂದು ವರ್ಷಕ್ಕೆ ದ್ರೋಹ. ಗಡಿಯಾರ ಐದೂವರೆ ತೋರಿಸುತ್ತಿತ್ತು. ಹಾಲ್‌ನಲ್ಲಿ ಸುಮಂಗಲಾ ನಲವತ್ತೆರಡು ಜನರಿಗೆ ಒಬ್ಬೊಬ್ಬರಿಗೆ ತಾನು ಬಸುರಿಯಲ್ಲ ಎಂದು ಟೈಪ್ ಮಾಡುತ್ತಿದ್ದಳು.

ಬಸವಕಿರಣ ಅಡುಗೆಮನೆಯ ಬಾಗಿಲು ಸರಿಸಿ, ಮನಸ್ಸಿನಲ್ಲೇ ಅಜ್ಜನ ಕ್ಷಮೆ ಕೇಳಿ, ಒಂದು ಚಮಚ ಬಾಯಿಗೆ ಹಾಕಿಕೊಂಡ.

ಮೊದಲು ಬೆಲ್ಲ ಬಂತು. ಹೇಳಿದ ಜಾಗಕ್ಕೆ, ಹೇಳಿದ ಹೊತ್ತಿಗೆ, ಟೈಂಟೇಬಲ್ ಪ್ರಕಾರ ಬರುವ ರೈಲಿನಂತೆ. ಹಿಂದೆಯೇ ದ್ರಾಕ್ಷಿ. ಬಡಗಿಯ ಹೊಟ್ಟು ಮೂಗಿನ ಒಳಗಿನಿಂದ ಹೊರಗೆ ಬಂತು. ನಾಲಿಗೆಯ ಎರಡೂ ಪಕ್ಕ ಯಾರೋ ಮೆತ್ತಗೆ ಚಿವುಟಿದರು. ಚಿಕ್ಕವನಿದ್ದಾಗ ನೇರಳೆಹಣ್ಣು ತಿಂದು ನೀಲಿ ನಾಲಿಗೆಯನ್ನು ತಂಗಿಗೆ ತೋರಿಸುತ್ತಿದ್ದ ಮಧ್ಯಾಹ್ನಗಳು ಕಣ್ಮುಂದೆ ಬಂದವು. ಕೊನೆಗೆ ಸಣ್ಣಗೆ, ಕಳ್ಳನಂತೆ, ಆ ಹುಳಿ. ಸಿಕ್ಕಿತು! ಬಿರುಕು ಬಿಟ್ಟ ರಿವೆಟ್ ಕಂಡಾಗ ಆಗುವ ಸಂತೋಷವೇ ಆಯಿತು. ಮುಖ್ಯ ದೋಷಗಳನ್ನು ಎರಡು ಸಲ ನೋಡಬೇಕೆಂಬ ನಿಯಮವಿದೆ. ಅದಕ್ಕಾಗಿ ಇನ್ನರ್ಧ ಲೋಟ ನೋಡಿದ. ನಂತರ ಎದೆಯುಬ್ಬಿಸಿ ತನ್ನ ಹೆಸರು ಬರೆದು ಸಹಿ ಹಾಕಿದ. ಇಷ್ಟು ಖಾತರಿಯಿಂದ ಅವನು ಯಾವ ವಿಮಾನಕ್ಕೂ ಸಹಿ ಹಾಕಿರಲಿಲ್ಲ.

ಆರಕ್ಕೆ ಸರಿಯಾಗಿ ಬ್ಯಾಕ್‌ಸ್ಟರ್ ಸೈಕಲ್ಲಿನಿಂದ ಇಳಿದರು. ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಹೆಲ್ಮೆಟ್ ಇಟ್ಟು, ಬೆವರೊರೆಸಿಕೊಂಡು ವರದಿ ಓದಿದರು. ಒಮ್ಮೆ ಓದಿ, ಮತ್ತೊಮ್ಮೆ ಓದಿ, ಗಟ್ಟಿಯಾಗಿ ನಕ್ಕರು.

"ಅದ್ಭುತ! ಆ ಹುಳಿ ನನಗೆ ಸಿಕ್ಕೋಕೆ ಅರ್ಧ ಬಾಟಲಿ ಬೇಕಾಯ್ತು. ಇದನ್ನ ಬರೆದವರಿಗೆ ಚಿನ್ನದ ನಾಲಿಗೆ ಇದೆ." ಆಮೇಲೆ ನಗು ನಿಲ್ಲಿಸಿದರು. "ಯಾರು ಬರೆದದ್ದು ಕಿರಣ್?"

"ನಾನೇ ಸರ್. ಸಹಿ ಇದೆಯಲ್ಲ."

"ಸಹಿಯೇ ನನ್ನ ಚಿಂತೆ. ನೀನು ಕುಡಿಯೋದಿಲ್ಲ."

ಬಸವಕಿರಣ ವರದಿಯತ್ತ ಕೈ ಚಾಚಿದ, ಬ್ಯಾಕ್‌ಸ್ಟರ್ ಕೊಡಲಿಲ್ಲ.

"ಮೊದಲ ಊಟದಲ್ಲೇ ಗೊತ್ತಾಯ್ತು. ನಿನ್ನ ಲೋಟದಲ್ಲಿ ನಿಂಬೆ ಹೋಳು, ಸ್ಟ್ರಾ ಎರಡೂ ಇತ್ತು. ಮೂರು ವರ್ಷ ಕಾದೆ, ಎಂದಾದರೂ ಹೇಳ್ತೀಯ ಅಂತ. ಇನ್‌ಸ್ಪೆಕ್ಟರ್ ಆದವನಿಗೆ 'ಇಲ್ಲ' ಅನ್ನೋಕೆ ಬರಬೇಕು. ಈ ಬಾಟಲಿ ಕೊಟ್ಟಿದ್ದೇ ಅದಕ್ಕೆ. 'ಸರ್, ನಾನು ಕುಡಿಯೋದಿಲ್ಲ' ಅಂತ ವಾಪಸ್ ಕೊಟ್ಟಿದ್ರೆ ಗೇಟಿನಲ್ಲೇ ಎರಡು ವರ್ಷಕ್ಕೆ ರಿನ್ಯೂ ಮಾಡ್ತಿದ್ದೆ. ನೀನು ನೋಡದ್ದಕ್ಕೆ ಸಹಿ ಹಾಕಿ ತಂದಿದ್ದೀಯ."

"ಇಲ್ಲ ಸರ್! ಮೊದಲು ಕುಡಿತಿರಲಿಲ್ಲ, ನಿಜ. ಆದರೆ ಇವತ್ತು ಕುಡಿದೆ! ಮೊದಲು ಒಬ್ಬರು ಅಮ್ಮ ನೋಡಿ ಹೇಳಿದ್ರು, ಆಮೇಲೆ ನಾನೂ ನೋಡಿದೆ. ಸಾಕ್ಷಿ ಇದೆ!"

ಸಾಕ್ಷಿ ಲಿಫ್ಟಿನಿಂದ ಇಳಿಯುತ್ತಲೇ ಇತ್ತು. ಸಂಜೆಯ ವಾಕಿಂಗಿಗೆಂದು ಸರೋಜಮ್ಮ, ಮಗ ಸೊಸೆಯೊಂದಿಗೆ ಹೊರಟಿದ್ದರು. ಸುಮಂಗಲಾ ಅವರ ಜೊತೆಗೇ ಇದ್ದಳು. ಬಸವಕಿರಣ ಓಡಿಹೋಗಿ ಸರೋಜಮ್ಮನನ್ನು ಕರೆತಂದ.

"ಅಮ್ಮಾ, ಸಾಹೇಬ್ರಿಗೆ ಹೇಳಿ. ಆ ಬಾಟ್ಲಿದು ರುಚಿ ನೋಡಿದ್ದು ನೀವೇ ಅಲ್ವಾ?"

ದ್ವಾರಕನಾಥ್ ತಾಯಿಯ ಮುಖ ನೋಡಿದ. ಶೋಭಾ ಅತ್ತೆಯ ಮುಖ ನೋಡಿದಳು. ಸರೋಜಮ್ಮ ಸೆರಗು ಹೊದ್ದುಕೊಂಡರು.

"ನಾನಾ? ರಾಮ ರಾಮ! ಈ ವಯಸ್ಸಲ್ಲಿ ಬಿಯರಾ? ಏನಪ್ಪಾ ಹೀಗಂತೀಯಾ!"

ಬ್ಯಾಕ್‌ಸ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಆ ಮುಖಕ್ಕೆ ಅನುವಾದ ಬೇಕಿರಲಿಲ್ಲ.

"ಸರಿ ಸರ್, ಅವರು ಬಿಡಿ. ನಾನು ಕುಡಿದದ್ದಂತೂ..." ಎಂದು ಬಸವಕಿರಣ ತಿರುಗಿದರೆ, ಎದುರಿಗೆ ಸುಮಂಗಲಾ.

"ಏನಂದ್ರಿ?" ಅವಳ ಕೈ ಆಗಲೇ ಮೊಬೈಲಿನ ಮೇಲಿತ್ತು. "ಏನು ಮಾಡಿದ್ರಿ ನೀವು?"

"ಏನಿಲ್ಲ ಮಾರಾಯ್ತಿ. ಇಂಗ್ಲಿಷಿನ್ಯಾಗ ಏನೋ ಮಾತಾಡಾಕತ್ತಿದ್ವಿ."

ಬ್ಯಾಕ್‌ಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಪ್ಪ ಮಗನಿಗೆ ಹೇಳುವ ಧಾಟಿ. "ನೋಡು, ಸುಳ್ಳಿನ ಮೇಲೆ ಸುಳ್ಳು ಬೇಡ. ಎಲ್ಲೋ ಇಂಟರ್‌ನೆಟ್‌ನಲ್ಲಿ ನಕಲು ಮಾಡಿದ್ದೀಯ. ಒಪ್ಪಿಕೋ. ಪ್ರಾಮಾಣಿಕವಾಗಿ ಒಪ್ಪಿಕೊಂಡರೆ ಮೊದಲ ತಪ್ಪು ಅಂತ ಎಚ್ಚರಿಕೆ ಕೊಟ್ಟು ಆರು ತಿಂಗಳಿಗೆ ರಿನ್ಯೂ ಮಾಡ್ತೀನಿ. ಒಪ್ಪದಿದ್ದರೆ ಸ್ಟಾಂಪ್ ಸೋಮವಾರ ನನ್ನ ಮೇಜಿಗೆ ಬರುತ್ತೆ. ಕೊನೇ ಸಲ ಕೇಳ್ತೀನಿ. ಕುಡಿದೆಯಾ?"

ಬಸವಕಿರಣನ ನಾಲಿಗೆಯ ಎರಡೂ ಪಕ್ಕ ಒಗರು ಇನ್ನೂ ಹಿತವಾಗಿ ಜಿನುಗುತ್ತಿತ್ತು. ಒಂದು ಕಡೆ ಸರೋಜಮ್ಮ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದರು. ಇನ್ನೊಂದು ಕಡೆ ಸುಮಂಗಲಾ ಗದಗಿನ ನಂಬರಿನ ಮೇಲೆ ಬೆರಳಿಟ್ಟು ನಿಂತಿದ್ದಳು.

"ಇಲ್ಲ ಸರ್," ಎಂದ. "ಕುಡಿದಿಲ್ಲ."

"ಶಾಭಾಸ್!" ಬ್ಯಾಕ್‌ಸ್ಟರ್ ಅವರ ಮುಖ ಅರಳಿತು. "ಮೂರು ವರ್ಷದಲ್ಲಿ ಮೊದಲ ಸಲ ನನಗೆ ನಿಜ ಹೇಳಿದೆ."

ಸುಮಂಗಲಾ ನಿಟ್ಟುಸಿರುಬಿಟ್ಟು ಮೊಬೈಲನ್ನು ಪರ್ಸಿಗೆ ಹಾಕಿದಳು. ದ್ವಾರಕನಾಥ್ ಸುಮ್ಮನೆ ಚಪ್ಪಾಳೆ ತಟ್ಟಿದ. ಸರೋಜಮ್ಮ ಪಕ್ಕದಲ್ಲಿ ಹಾದುಹೋಗುವಾಗ ತುಟಿ ಅಲ್ಲಾಡಿಸದೆ, "ಆ ಬಿರಡೆ ಮಾತ್ರ ಬಿಗಿ ಮಾಡೋಕೆ ಹೇಳಪ್ಪಾ" ಎಂದರು.

ಬ್ಯಾಕ್‌ಸ್ಟರ್ ಚೀಲದಿಂದ ಫಾರಂ ತೆಗೆದು ಬೆಂಚಿನ ಮೇಲೆ ಹರಡಿ ದುಂಡಗಿನ ಅಕ್ಷರದಲ್ಲಿ ಬರೆದರು: ಖುದ್ದಾಗಿ ಪರೀಕ್ಷಿಸದೆ ಸಹಿ ಮಾಡಿದ್ದಾರೆ, ತಪ್ಪು ಒಪ್ಪಿಕೊಂಡಿದ್ದಾರೆ, ಎಚ್ಚರಿಕೆ ನೀಡಲಾಗಿದೆ. ಕೆಳಗೆ ಚುಕ್ಕಿ ಗೆರೆ ತೋರಿಸಿ ಪೆನ್ನು ಕೊಟ್ಟರು. "ಓದಿ ನೋಡು. ಎಲ್ಲ ನಿಜವಿದ್ದರೆ ಸಹಿ ಹಾಕು."

ಬಸವಕಿರಣ ಎರಡು ಸಲ ಓದಿದ. ಎಚ್ಚರಿಕೆಯೊಂದನ್ನು ಬಿಟ್ಟರೆ ಒಂದಕ್ಷರವೂ ನಿಜವಿರಲಿಲ್ಲ. ಹನ್ನೊಂದು ವರ್ಷದ ನೌಕರಿಯಲ್ಲಿ ಸುಳ್ಳೆಂದು ಗೊತ್ತಿದ್ದೂ ಅವನು ಹಾಕಿದ ಮೊದಲ ಸಹಿ ಅದು.